ಪುನರುತ್ಥಾನದ ಮಾತಿನಲ್ಲಿ ದೇಹವನ್ನು ಬಿಟ್ಟುಬಿಡಬಾರದು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಈಸ್ಟರ್ ಭಾನುವಾರದಂದು ಕನ್ನಡದ ಪತ್ರಿಕೆಗಳು ಹಬ್ಬದ ಬಗ್ಗೆ ಒಂದಾದರೂ ಲೇಖನ ಪ್ರಕಟಿಸುತ್ತವೆ. ಕ್ರೈಸ್ತರು ಒಂದೋ ಎರಡೋ ಮನೆಗಳಷ್ಟೇ ಇರುವ ಊರುಗಳಲ್ಲಿ ಈ ಹಬ್ಬದ ಪರಿಚಯವಾಗುವುದು ಇಂಥ ಲೇಖನಗಳಿಂದಲೇ ಆದ್ದರಿಂದ, ಕೋಲಾರದ ಒಬ್ಬ ಕ್ರೈಸ್ತ ಓದುಗನಾಗಿ ನಾನು ಅದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ಆ ಲೇಖನಗಳಲ್ಲಿ ಬಹುಪಾಲು ಎರಡೇ ಮಾತುಗಳ ಸುತ್ತ ತಿರುಗುತ್ತವೆ. ಎಲೆ ಉದುರಿದ ಮರ ಮತ್ತೆ ಚಿಗುರುವ ಹಾಗೆ ಕಷ್ಟದ ಹಿಂದೆ ಸುಖ ಬಂದೇ ಬರುತ್ತದೆ ಎಂಬುದು ಒಂದು. ಯೇಸುವನ್ನು ಶಿಲುಬೆಗೆ ಹಾಕಿ ಕೊಂದರೂ ಆತನ ವಿಚಾರಗಳು ಸಾಯಲಿಲ್ಲ ಎಂಬುದು ಇನ್ನೊಂದು. ಬರೆದವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಹೇಳುವುದು ಈ ಎರಡರಲ್ಲಿ ಯಾವುದನ್ನೂ ಅಲ್ಲ. ಸತ್ತು, ಹೂಳಲ್ಪಟ್ಟ ಒಬ್ಬ ಮನುಷ್ಯನನ್ನು ದೇವರು ದೇಹಸಹಿತವಾಗಿ ಎಬ್ಬಿಸಿದನು, ಮತ್ತು ಆತನಿಗೆ ಮಾಡಿದ್ದನ್ನೇ ಮುಂದೆ ಸತ್ತವರೆಲ್ಲರಿಗೂ ಮಾಡುವನು ಎಂಬುದು ಅದರ ಸಾಕ್ಷಿ. ಇದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ನಂಬುವವರು ಏನನ್ನು ನಂಬುತ್ತಾರೆ ಎಂಬುದಾದರೂ ಸರಿಯಾಗಿ ಅಚ್ಚಾಗಬೇಕು ಎಂಬ ಆಸೆಯಿಂದ, ವಾಚಕರ ವಾಣಿಯ ಮಾಮೂಲಿ ಅಳತೆಯನ್ನು ಮೀರಿದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಚಿಗುರಿನ ಮಾತು ನಮ್ಮ ಸೀಮೆಯಲ್ಲಿ ಬೇಗ ಮನಸ್ಸಿಗೆ ಹಿಡಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಈಸ್ಟರ್ ಬರುವುದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವಿನ ಒಂದು ಭಾನುವಾರ, ಹೆಚ್ಚುಕಡಿಮೆ ಯುಗಾದಿಯ ಆಸುಪಾಸಿನಲ್ಲಿ. ಹೊಂಗೆ ಮರಗಳು ಎಳೆ ಹಸಿರಾಗಿರುತ್ತವೆ, ಶ್ರೀನಿವಾಸಪುರದ ಕಡೆಯ ತೋಪುಗಳಲ್ಲಿ ಮಾವು ಕಾಯಿ ಕಟ್ಟಿರುತ್ತದೆ. ಆದರೆ ಆಸ್ಟ್ರೇಲಿಯಾದಲ್ಲಿಯೂ ದಕ್ಷಿಣ ಆಫ್ರಿಕಾದಲ್ಲಿಯೂ ಇದೇ ಹಬ್ಬವನ್ನು ಎಲೆ ಉದುರುವ ಕಾಲದಲ್ಲಿ ಆಚರಿಸುತ್ತಾರೆ, ಅದರಿಂದ ಹಬ್ಬದ ಅರ್ಥಕ್ಕೆ ಏನೂ ಕುಂದಾಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಚಿಗುರು ಬರುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಗ್ರಂಥಗಳಾದ ಸುವಾರ್ತೆಗಳಲ್ಲಿ, ಆತನು ಸತ್ತ ಮೂರನೆಯ ದಿನದ ಆ ಬೆಳಗ್ಗೆ ಮಾತ್ರ ಯಾರೂ ಏನನ್ನೂ ಎದುರುನೋಡುತ್ತಿರಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಮಗ್ದಲದ ಮರಿಯಳು, ಯಾಕೋಬನ ತಾಯಿಯಾದ ಮರಿಯಳು, ಸಲೋಮೆ, ಈ ಮೂವರು ಹೆಂಗಸರು ಸುಗಂಧದ್ರವ್ಯಗಳನ್ನು ಕೊಂಡುಕೊಂಡು ಸಮಾಧಿಯ ಕಡೆಗೆ ಹೊರಡುತ್ತಾರೆ. ಸುಗಂಧದ್ರವ್ಯ ಹೆಣಕ್ಕೆ ಹಚ್ಚಲಿಕ್ಕೆ. ದಾರಿಯಲ್ಲಿ ಅವರ ಚಿಂತೆಯೆಲ್ಲ ಸಮಾಧಿಯ ಬಾಯಿಗೆ ಮುಚ್ಚಿದ ದೊಡ್ಡ ಕಲ್ಲನ್ನು ಉರುಳಿಸಿಕೊಡುವವರು ಯಾರು ಎಂಬುದೇ. ಕಲ್ಲು ಉರುಳಿರುವುದನ್ನೂ ಒಳಗೆ ಬಿಳಿ ನಿಲುವಂಗಿ ತೊಟ್ಟ ಯೌವನಸ್ಥನೊಬ್ಬನು ಕುಳಿತಿರುವುದನ್ನೂ ಕಂಡು, ಆತನು ಎದ್ದಿದ್ದಾನೆ ಎಂಬ ಮಾತನ್ನು ಕೇಳಿ ಅವರು ಸಂತೋಷಪಡುವುದಿಲ್ಲ. ನಡುಗುತ್ತಾ ಓಡಿಹೋಗುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. ಸಿನಾಯ್ ಮತ್ತು ವ್ಯಾಟಿಕನ್ ಹೆಸರಿನ ನಾಲ್ಕನೆಯ ಶತಮಾನದ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ ಆ ಹೆದರಿಕೆಯಲ್ಲೇ, 16ನೆಯ ಅಧ್ಯಾಯದ 8ನೆಯ ವಚನದಲ್ಲೇ, ನಿಂತುಹೋಗುತ್ತದೆ. ಮುಂದಿನ ಹನ್ನೆರಡು ವಚನಗಳು ಆಮೇಲೆ ಸೇರಿದವೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ವಸಂತದ ಸಂಭ್ರಮವನ್ನು ಹೇಳಹೊರಟ ಕವಿ ತನ್ನ ಕಾವ್ಯವನ್ನು ಹೀಗೆ ಮುಗಿಸುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಕ್ಯಾಲೆಂಡರಿನ ಚಿತ್ರಗಳು ಮರೆಸಿಬಿಟ್ಟಿವೆ. ಸಮಾಧಿ ಸೀಳಿ, ಬೆಳಕಿನ ನಡುವೆ, ಕೈಯಲ್ಲಿ ಧ್ವಜ ಹಿಡಿದು ಯೇಸು ಎದ್ದುಬರುವ ಚಿತ್ರವನ್ನು ನಾವೆಲ್ಲರೂ ನೋಡಿದ್ದೇವೆ. ಆದರೆ ಆ ಗಳಿಗೆಯನ್ನು ನಾಲ್ಕು ಸುವಾರ್ತೆಗಳಲ್ಲಿ ಒಂದೂ ವರ್ಣಿಸುವುದಿಲ್ಲ. ಕಂಡವರು ಯಾರೂ ಇರಲಿಲ್ಲವಾದ್ದರಿಂದ ಅವು ಆ ವಿಷಯದಲ್ಲಿ ಮೌನವಾಗಿವೆ. ಬರಿದಾದ ಸಮಾಧಿಯನ್ನು ಕಂಡವರ ಮಾತು, ಆಮೇಲೆ ಆತನನ್ನೇ ಕಂಡವರ ಮಾತು, ಇವೆರಡೇ ನಮ್ಮ ಕೈಯಲ್ಲಿರುವುದು. ಆ ಮಾತುಗಳೂ ಒಂದಕ್ಕೊಂದು ಅಚ್ಚುಕಟ್ಟಾಗಿ ಹೊಂದುವುದಿಲ್ಲ. ಸಮಾಧಿಗೆ ಹೋದ ಹೆಂಗಸರು ಮತ್ತಾಯನಲ್ಲಿ ಇಬ್ಬರು, ಮಾರ್ಕನಲ್ಲಿ ಮೂವರು, ಲೂಕನಲ್ಲಿ ಇನ್ನೂ ಹೆಚ್ಚು. ಯೋಹಾನನು ಮಗ್ದಲದ ಮರಿಯಳೊಬ್ಬಳ ಹೆಸರನ್ನೇ ಹೇಳುತ್ತಾನೆ. ದೇವದೂತನು ಒಬ್ಬನೋ ಇಬ್ಬರೋ, ಶಿಷ್ಯರು ಆತನನ್ನು ಕಂಡದ್ದು ಗಲಿಲಾಯದಲ್ಲೋ ಯೆರೂಸಲೇಮಿನಲ್ಲೋ ಎಂಬಲ್ಲಿಯೂ ವ್ಯತ್ಯಾಸಗಳಿವೆ. ಈ ವ್ಯತ್ಯಾಸಗಳನ್ನು ಹೇಗಾದರೂ ಮಾಡಿ ತೇಪೆ ಹಾಕಿ ಮುಚ್ಚಬೇಕೆಂದು ಕೆಲವು ಬೋಧಕರು ಶ್ರಮಪಡುತ್ತಾರೆ. ನನಗೆ ಅದರ ಅಗತ್ಯ ಕಾಣುವುದಿಲ್ಲ. ಮಾತನಾಡಿಕೊಂಡು ಕಟ್ಟಿದ ಕಥೆಯಾಗಿದ್ದರೆ ಮೊದಲು ತಿದ್ದಿಕೊಳ್ಳುತ್ತಿದ್ದದ್ದು ಇವನ್ನೇ. ಹಾಗೆ ಕಟ್ಟುವವರು ಮೊದಲ ಸಾಕ್ಷಿಗಳನ್ನಾಗಿ ಹೆಂಗಸರನ್ನು ನಿಲ್ಲಿಸುತ್ತಲೂ ಇರಲಿಲ್ಲ, ಏಕೆಂದರೆ ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಯೇಸುವಿನ ಆಪ್ತ ಶಿಷ್ಯರಾದ ಅಪೊಸ್ತಲರಿಗೇ ಈ ಹೆಂಗಸರ ಮಾತು ಬರೀ ಹರಟೆಯಾಗಿ ತೋರಿತೆಂದು ಲೂಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಎರಡನೆಯ ಶತಮಾನದಲ್ಲಿ ಕ್ರೈಸ್ತರನ್ನು ಟೀಕಿಸಿ ಬರೆದ ಕೆಲ್ಸಸ್ ಎಂಬ ಗ್ರೀಕ್ ಪಂಡಿತನು, ಉನ್ಮಾದ ಹಿಡಿದ ಹೆಂಗಸೊಬ್ಬಳ ಮಾತನ್ನು ನಂಬಿದವರು ಇವರು ಎಂದು ಹೀಯಾಳಿಸಿದ್ದೂ ಇದೇ ಕಾರಣಕ್ಕೆ.

ಸುವಾರ್ತೆಗಳಿಗಿಂತಲೂ ಹಳೆಯದು, ಮೊದಲು ಕ್ರೈಸ್ತರನ್ನು ಹಿಂಸಿಸಿ ಆಮೇಲೆ ಕ್ರಿಸ್ತನನ್ನು ಸಾರುವವನಾದ ಪೌಲನ ಸಾಕ್ಷಿ. ಕ್ರಿ.ಶ. 53–55ರ ಸುಮಾರಿಗೆ, ಎಂದರೆ ಶಿಲುಬೆಯ ಘಟನೆಯಾಗಿ ಇನ್ನೂ ಕಾಲು ಶತಮಾನ ಕಳೆಯುವುದರೊಳಗೆ, ಅವನು ಎಫೆಸದಿಂದ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಗೆ ಪತ್ರ ಬರೆದನು. ಅದರ 15ನೆಯ ಅಧ್ಯಾಯದಲ್ಲಿ, ತಾನೂ ಇತರರಿಂದ ಪಡೆದುಕೊಂಡದ್ದೆಂದು ಹೇಳಿ, ಕ್ರಿಸ್ತನು ಸತ್ತನು, ಹೂಳಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಕೇಫನಿಗೆ, ಎಂದರೆ ಶಿಷ್ಯನಾದ ಪೇತ್ರನಿಗೆ, ಕಾಣಿಸಿಕೊಂಡನು, ಆಮೇಲೆ ಹನ್ನೆರಡು ಮಂದಿ ಶಿಷ್ಯರಿಗೆ, ಆಮೇಲೆ ಒಂದೇ ಸಮಯದಲ್ಲಿ ಐನೂರಕ್ಕೂ ಹೆಚ್ಚು ಸಹೋದರರಿಗೆ, ಆಮೇಲೆ ಯಾಕೋಬನಿಗೆ ಎಂದು ಪಟ್ಟಿ ಕೊಡುತ್ತಾನೆ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದು ಸೇರಿಸುವುದು, ಬೇಕಾದವರು ಹೋಗಿ ಕೇಳಬಹುದು ಎಂದ ಹಾಗೆಯೇ. ಕಡೆಯದಾಗಿ ತನ್ನ ಹೆಸರನ್ನು, ಸಭೆಯನ್ನು ಹಿಂಸಿಸಿದ ತಾನು ಅಪೊಸ್ತಲನೆನಿಸಿಕೊಳ್ಳಲು ಯೋಗ್ಯನಲ್ಲ ಎಂಬ ಮಾತಿನೊಂದಿಗೆ ಇಡುತ್ತಾನೆ. ಸತ್ತವರು ಏಳುವುದೇ ಇಲ್ಲವೆಂದು ಹೇಳುವವರು ಕೊರಿಂಥದ ಸಭೆಯಲ್ಲೇ ಇದ್ದರು. ಅವರಿಗೆ ಪೌಲನು ಕೊಡುವ ಉತ್ತರದಲ್ಲಿ ರಾಜಿಯ ಸೊಲ್ಲೇ ಇಲ್ಲ: ಕ್ರಿಸ್ತನು ಏಳಲಿಲ್ಲವಾದರೆ ನಮ್ಮ ಪ್ರಸಂಗವೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ, ನಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಿದವರಾಗುತ್ತೇವೆ. ವಿಚಾರಗಳು ಉಳಿದರೆ ಸಾಕು ಎಂದು ತೃಪ್ತಿಪಡುವ ಮನುಷ್ಯನು ಹೀಗೆ ಬರೆಯಲಾರನು. ಸತ್ತವರ ವಿಚಾರಗಳು ಉಳಿಯುವುದು ಲೋಕದಲ್ಲಿ ಹೊಸತೇನಲ್ಲ. ಅದಕ್ಕಾಗಿ ಯಾರೂ ವಾರದ ಮೊದಲನೆಯ ದಿನವನ್ನು ಕರ್ತನ ದಿನವೆಂದು ಆಚರಿಸಲು ಹೊರಡಬೇಕಾಗಿರಲಿಲ್ಲ.

ಈಗ ದೇಹದ ವಿಷಯ. ಲೂಕನ 24ನೆಯ ಅಧ್ಯಾಯದಲ್ಲಿ ಶಿಷ್ಯರು ದೆವ್ವವನ್ನು ಕಂಡೆವೆಂದು ಹೆದರಿದಾಗ ಯೇಸು ತನ್ನ ಕೈಕಾಲುಗಳನ್ನು ತೋರಿಸಿ, ಮುಟ್ಟಿ ನೋಡಿರಿ, ದೆವ್ವಕ್ಕೆ ಮಾಂಸವೂ ಎಲುಬೂ ಇರುವುದಿಲ್ಲ ಎನ್ನುತ್ತಾನೆ. ಅವರಿಗೆ ಆಗಲೂ ನಂಬಿಕೆ ಬಾರದಿದ್ದಾಗ ತಿನ್ನಲಿಕ್ಕೆ ಏನಾದರೂ ಇದೆಯೇ ಎಂದು ಕೇಳಿ, ಅವರು ಕೊಟ್ಟ ಸುಟ್ಟ ಮೀನಿನ ತುಂಡನ್ನು ಅವರ ಕಣ್ಣೆದುರಿಗೇ ತಿನ್ನುತ್ತಾನೆ. ಯೋಹಾನನು ಬರೆದಿರುವ ಪ್ರಕಾರ ತಿಬೇರಿಯ ಸಮುದ್ರದ ದಡದಲ್ಲಿ ರಾತ್ರಿಯಿಡೀ ಬಲೆ ಎಳೆದು ದಣಿದು ಬಂದ ಶಿಷ್ಯರಿಗೆ ಆತನೇ ಕೆಂಡ ಹೂಡಿ, ಮೀನು ರೊಟ್ಟಿ ಸಿದ್ಧಮಾಡಿ, ಬಂದು ಊಟಮಾಡಿರಿ ಎಂದು ಕರೆಯುತ್ತಾನೆ. ಅದೇ ಹೊತ್ತಿಗೆ ಈ ದೇಹವು ಹಿಂದಿನದರ ಹಾಗೆಯೇ ಇದೆಯೆಂದೂ ಸುವಾರ್ತೆಗಳು ಹೇಳುವುದಿಲ್ಲ. ಮರಿಯಳು ಆತನನ್ನು ತೋಟಗಾರನೆಂದು ತಿಳಿಯುತ್ತಾಳೆ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಮೈಲುಗಟ್ಟಲೆ ಜೊತೆಯಲ್ಲಿ ನಡೆದರೂ ಆತನು ರೊಟ್ಟಿ ಮುರಿಯುವ ತನಕ ಗುರುತಿಸುವುದಿಲ್ಲ. ಮುಚ್ಚಿದ ಬಾಗಿಲುಗಳ ಒಳಗೆ ಆತನು ಬಂದು ನಿಲ್ಲುತ್ತಾನೆ. ಅದೇ ಮನುಷ್ಯ, ಆದರೆ ಸಾವಿನ ಕೈಗೆ ಇನ್ನು ಸಿಕ್ಕದ ಮನುಷ್ಯ. ಈ ಎರಡನ್ನೂ ಒಟ್ಟಿಗೆ ಹೇಳಲು ಸುವಾರ್ತಿಕರು ಪಡುವ ಕಷ್ಟ ಅವರ ಬರವಣಿಗೆಯಲ್ಲೇ ಕಾಣುತ್ತದೆ.

ಲಾಜರನ ಕಥೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಸತ್ತು ನಾಲ್ಕು ದಿನವಾಗಿದ್ದ ಲಾಜರನನ್ನು, ಯಾಯೀರನ ಮಗಳನ್ನು, ನಾಯಿನೆಂಬ ಊರಿನ ವಿಧವೆಯ ಒಬ್ಬನೇ ಮಗನನ್ನು ಯೇಸು ಬದುಕಿಸಿದ ಪ್ರಸಂಗಗಳನ್ನೂ ನಮ್ಮಲ್ಲಿ ಅನೇಕರು ಪುನರುತ್ಥಾನವೆಂದೇ ಎಣಿಸುತ್ತಾರೆ. ಆದರೆ ಅವರೆಲ್ಲ ಹಿಂದಿನ ಬದುಕಿಗೇ ಮರಳಿದವರು, ಇನ್ನೊಮ್ಮೆ ಸಾಯಬೇಕಾದವರು. ಲಾಜರನು ಹೊರಗೆ ಬಂದಾಗ ಅವನ ಕೈಕಾಲುಗಳಿಗೆ ಬಟ್ಟೆ ಸುತ್ತಿತ್ತು, ಮುಖಕ್ಕೆ ವಸ್ತ್ರ ಕಟ್ಟಿತ್ತು, ಬೇರೆಯವರು ಬಿಚ್ಚಬೇಕಾಯಿತು. ಮುಂದಿನ ಅಧ್ಯಾಯದಲ್ಲೇ ಮಹಾಯಾಜಕರು ಅವನನ್ನು ಕೊಲ್ಲಲು ಆಲೋಚಿಸುತ್ತಾರೆ. ಯೇಸುವಿನ ಸಮಾಧಿಯಲ್ಲಾದರೋ ನಾರುಬಟ್ಟೆಗಳು ಅಲ್ಲೇ ಬಿದ್ದಿದ್ದವು, ತಲೆಗೆ ಕಟ್ಟಿದ್ದ ವಸ್ತ್ರ ಬೇರೆಯಾಗಿ ಸುತ್ತಿಟ್ಟಿತ್ತು. ಆತನಿಗೆ ಅದರ ಅಗತ್ಯ ಮತ್ತೆ ಬರುವುದಿಲ್ಲ. ಕ್ರಿಸ್ತನು ಇನ್ನು ಸಾಯುವುದಿಲ್ಲ, ಮರಣಕ್ಕೆ ಆತನ ಮೇಲೆ ಇನ್ನು ಅಧಿಕಾರವಿಲ್ಲ ಎಂದು ರೋಮಾಪುರದವರಿಗೆ ಪೌಲನು ಬರೆದದ್ದು ಇದನ್ನೇ.

ಅದು ಎಂಥ ದೇಹ ಎಂಬ ಪ್ರಶ್ನೆಯನ್ನು ಕೊರಿಂಥದವರೂ ಕೇಳಿದ್ದರು. ಪೌಲನು ಬೀಜದ ಮಾತನ್ನು ಹೇಳುತ್ತಾನೆ. ನೀನು ಬಿತ್ತುವುದು ಮುಂದೆ ಬರುವ ಪೈರಿನ ದೇಹವನ್ನಲ್ಲ, ಬರೀ ಕಾಳನ್ನು, ಅದಕ್ಕೆ ದೇವರು ತಾನು ಇಚ್ಛಿಸಿದ ದೇಹವನ್ನು ಕೊಡುತ್ತಾನೆ. ರಾಗಿ ಬಿತ್ತುವ ಸೀಮೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಸಿವೆಯಷ್ಟಿರುವ ಕಾಳನ್ನೂ ಮಂಡಿಯೆತ್ತರದ ಪೈರನ್ನೂ ಪಕ್ಕಪಕ್ಕದಲ್ಲಿಟ್ಟರೆ ಎರಡಕ್ಕೂ ಹೋಲಿಕೆಯೇ ಇಲ್ಲ. ಆದರೂ ರಾಗಿ ಬಿತ್ತಿದ ಹೊಲದಲ್ಲಿ ಜೋಳ ಬರುವುದಿಲ್ಲ. ಬಲಹೀನ ಸ್ಥಿತಿಯಲ್ಲಿ ಬಿತ್ತಿದ್ದು ಬಲದಲ್ಲಿ ಏಳುತ್ತದೆ, ಪ್ರಾಕೃತ ದೇಹವಾಗಿ ಬಿತ್ತಿದ್ದು ಆತ್ಮಿಕ ದೇಹವಾಗಿ ಏಳುತ್ತದೆ ಎಂದು ಪೌಲನು ಮುಂದುವರಿಸುತ್ತಾನೆ. ಆತ್ಮಿಕ ದೇಹ ಎಂದಾಗಲೂ ಅದು ದೇಹವೇ, ದೇವರ ಆತ್ಮನಿಂದ ಜೀವಿಸುವ ದೇಹ. ಹೊಗೆಯಂತೆ ತೇಲುವ ನೆರಳಲ್ಲ. ಕ್ರಿಸ್ತನನ್ನು ಅವನು ಪ್ರಥಮ ಫಲ ಎಂದು ಕರೆಯುವುದೂ ಇಲ್ಲಿಯೇ. ಹೊಲದ ಮೊದಲ ಕಟ್ಟನ್ನು ದೇವರಿಗೆ ಅರ್ಪಿಸುವಾಗ ಹಿಂದೆ ಇಡೀ ಬೆಳೆ ನಿಂತಿರುತ್ತದೆ. ಈಸ್ಟರ್ ಯೇಸುವಿನ ಒಬ್ಬನ ವಿಜಯೋತ್ಸವವಲ್ಲ. ಸತ್ತವರೆಲ್ಲರಿಗೆ ಮಾಡಿದ ವಾಗ್ದಾನದ ಮೊದಲ ಕಂತು.

ಈ ವಾಗ್ದಾನ ಹುಟ್ಟಿದ್ದು ಎಲ್ಲಿ ಎಂಬುದನ್ನು ಬಲ್ಲವರು ಇದನ್ನು ಸುಖಾಂತದ ಕಥೆಯೆಂದು ತಿಳಿಯಲಾರರು. ಯೆಹೂದ್ಯರ ಹಳೆಯ ಗ್ರಂಥಗಳಲ್ಲಿ ಸತ್ತವರು ಏಳುವ ಮಾತು ವಿರಳ. ಯೆಹೆಜ್ಕೇಲನು ಕಂಡ ಒಣಗಿದ ಎಲುಬುಗಳ ಕಣಿವೆ ಸೆರೆಹೋದ ಜನಾಂಗದ ಪುನರುಜ್ಜೀವನದ ದರ್ಶನ. ದಾನಿಯೇಲನ 12ನೆಯ ಅಧ್ಯಾಯದಲ್ಲಿ ಮಾತ್ರ ಧೂಳಿನಲ್ಲಿ ಮಲಗಿರುವವರು ಎಚ್ಚತ್ತುಕೊಳ್ಳುವರು ಎಂಬುದು ಬಿಚ್ಚುಮಾತಾಗಿ ಬರುತ್ತದೆ. ಕಥೋಲಿಕರ ಬೈಬಲಿನಲ್ಲಿರುವ, ನಮ್ಮ ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಇಲ್ಲದ ಮಕ್ಕಬಿಯರ ಎರಡನೆಯ ಗ್ರಂಥದ 7ನೆಯ ಅಧ್ಯಾಯವನ್ನು ಎಲ್ಲರೂ ಒಮ್ಮೆ ಓದಬೇಕು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ನಾಲ್ಕನೆಯ ಅಂತಿಯೋಕಸ್ ರಾಜನು ಯೆಹೂದ್ಯರ ಧರ್ಮವನ್ನು ಅಳಿಸಲು ಹೊರಟಾಗ ಒಬ್ಬ ತಾಯಿಯ ಕಣ್ಣೆದುರಿಗೆ ಅವಳ ಏಳು ಮಂದಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ ಕಥೆ ಅದು. ಮೂರನೆಯ ಮಗನು ಕೈಗಳನ್ನು ತಾನಾಗಿಯೇ ಮುಂದೆ ಚಾಚಿ, ಇವನ್ನು ಪರಲೋಕದ ದೇವರಿಂದ ಪಡೆದೆ, ಆತನಿಂದಲೇ ಮತ್ತೆ ಪಡೆಯುತ್ತೇನೆ ಎನ್ನುತ್ತಾನೆ. ಪುನರುತ್ಥಾನದ ನಂಬಿಕೆಯ ಬೇರು ಈ ಚಾಚಿದ ಕೈಗಳಲ್ಲಿದೆ. ದೇವರು ನ್ಯಾಯವಂತನಾಗಿದ್ದರೆ ಕತ್ತರಿಸಿದ ಕೈಗಳ ಲೆಕ್ಕ ಅಲ್ಲಿಗೇ ಮುಗಿಯಬಾರದು ಎಂಬುದು ಅದರ ಹಟ. ದೇವಾಲಯದ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡಿದ್ದ, ಅನುಕೂಲಸ್ಥರಾಗಿದ್ದ ಸದ್ದುಕಾಯರು ಇದನ್ನು ನಂಬುತ್ತಿರಲಿಲ್ಲ ಎಂಬುದೂ ಗಮನಿಸತಕ್ಕ ಸಂಗತಿ. ಏಳು ಮಂದಿ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾದ ವಿಧವೆ ಪುನರುತ್ಥಾನದಲ್ಲಿ ಯಾರ ಹೆಂಡತಿಯಾಗುವಳು ಎಂದು ಅವರು ಯೇಸುವನ್ನು ಕೆಣಕಿದಾಗ ಆತನು, ದೇವರು ಸತ್ತವರ ದೇವರಲ್ಲ, ಜೀವಿತರ ದೇವರು ಎಂದು ಉತ್ತರಿಸಿದನು.

ಶಿಲುಬೆಯು ರೋಮಿನವರು ಗುಲಾಮರಿಗೂ ದಂಗೆಕೋರರಿಗೂ ಇಟ್ಟಿದ್ದ ಶಿಕ್ಷೆ. ಬೆತ್ತಲೆ ಮಾಡಿ, ದಾರಿಹೋಕರ ಕಣ್ಣೆದುರು, ಇವನು ಮನುಷ್ಯನೇ ಅಲ್ಲವೆಂದು ಸಾರುವ ಸಾವು. ನೀವು ಕೊಂದಿರಿ, ದೇವರು ಎಬ್ಬಿಸಿದನು ಎಂದು ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದಲ್ಲಿ ಪೇತ್ರನು ಮತ್ತೆ ಮತ್ತೆ ಹೇಳುವಾಗ, ಕೆಳಗಿನ ನ್ಯಾಯಾಲಯದ ತೀರ್ಪನ್ನು ಮೇಲಿನ ನ್ಯಾಯಾಲಯ ರದ್ದುಮಾಡಿದೆ ಎಂಬ ಧ್ವನಿ ಅದರಲ್ಲಿದೆ. ಎದ್ದ ದೇಹದ ಮೇಲೆ ಮೊಳೆಯ ಗುರುತುಗಳು ಉಳಿದಿದ್ದವು. ಅವು ಅಳಿಸಿಹೋಗಿದ್ದರೆ, ಗಾಯಗಳನ್ನು ಮುಟ್ಟದೆ ನಂಬೆನೆಂದ ಶಿಷ್ಯ ತೋಮನು ಬೆರಳಿಡಲು ಏನೂ ಇರುತ್ತಿರಲಿಲ್ಲ. ಹಿಂಸೆಗೆ ಒಳಗಾದವರಿಗೆ ಆತನು ತಮ್ಮವನು ಎನ್ನಲು ಗುರುತೂ ಇರುತ್ತಿರಲಿಲ್ಲ. ಮುಟ್ಟಿ ನೋಡಿರಿ ಎಂಬ ಮಾತನ್ನು ನಮ್ಮ ಜಿಲ್ಲೆಯಲ್ಲಿ ನಿಂತು ಓದುವಾಗ ನನಗೆ ಅದು ಬೇರೆಯೇ ತೂಕದಿಂದ ಕೇಳಿಸುತ್ತದೆ. ಇಲ್ಲಿಯ ಅನೇಕ ಕ್ರೈಸ್ತ ಕುಟುಂಬಗಳ ಅಜ್ಜ ಅಜ್ಜಿಯರು ಮುಟ್ಟಬಾರದವರೆಂದು ಊರಾಚೆ ಇಡಲ್ಪಟ್ಟವರು; ನೀರು ಎತ್ತಿ ಹೊಯ್ಯಿಸಿಕೊಂಡು ಬೊಗಸೆಯಲ್ಲಿ ಕುಡಿದವರು. ದೇವರು ಎಬ್ಬಿಸಿದ ದೇಹ ಮೊದಲು ಆಡಿದ ಮಾತುಗಳಲ್ಲಿ ಮುಟ್ಟಿರಿ ಎಂಬುದೂ ಒಂದು ಎಂದಾದರೆ, ಮನುಷ್ಯದೇಹದ ಬಗ್ಗೆ ಈ ಸೀಮೆ ಶತಮಾನಗಳಿಂದ ಹೇಳಿಕೊಂಡು ಬಂದ ಸುಳ್ಳಿಗೆ ಅಲ್ಲೇ ಉತ್ತರವಿದೆ. ಮಗ್ದಲದ ಮರಿಯಳಿಗೆ ನನ್ನನ್ನು ಹಿಡಿಯಬೇಡ ಎಂದಿದ್ದನಲ್ಲಾ ಎಂದು ಬೈಬಲ್ ಬಲ್ಲವರು ಕೇಳಬಹುದು. ಅದು ಅವಳನ್ನು ದೂರವಿಟ್ಟ ಮಾತಲ್ಲ, ಶಿಷ್ಯರ ಬಳಿಗೆ ಸುದ್ದಿ ಕೊಟ್ಟು ಕಳಿಸಿದ ಮಾತು. ಇಷ್ಟನ್ನು ಹೇಳಿದ ಮೇಲೆ, ನಮ್ಮ ಸಭೆಗಳೊಳಗೆ, ಕೆಲವು ಕಡೆ ಸಮಾಧಿ ತೋಟಗಳಲ್ಲಿಯೂ, ಜಾತಿಯ ಗೆರೆ ಇನ್ನೂ ಉಳಿದಿರುವುದನ್ನು ಮುಚ್ಚಿಡಲಾಗದು. ಅದಿರುವಷ್ಟು ಕಾಲ ಆ ಸಭೆಯ ಈಸ್ಟರ್ ಆರಾಧನೆ ಅರ್ಧ ಮಾತ್ರ ನಿಜ.

ಪತ್ರಿಕೆಗಳನ್ನಷ್ಟೇ ದೂರಿದರೆ ತಪ್ಪಾಗುತ್ತದೆ. ದೇಹದ ಮಾತನ್ನು ನಮ್ಮ ಪ್ರಸಂಗಪೀಠಗಳೂ ಕೈಬಿಟ್ಟಿವೆ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನಲ್ಲಿದ್ದ ನಮ್ಮ ದೊಡ್ಡಪ್ಪ ಗಣಿಯೊಳಗೆ ಡ್ರಿಲ್ಲಿಂಗ್ ಕೆಲಸದಲ್ಲಿದ್ದವರು. ಅಲ್ಲಿಯ ಗಣಿ ನೆಲದಡಿ 3,000 ಮೀಟರಿಗೂ ಆಳಕ್ಕೆ ಇಳಿದಿತ್ತು. 2001ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿ ದುಡಿದ ಎಷ್ಟೋ ಜನರ ಎದೆಯಲ್ಲಿ ಬಂಡೆಯ ಪುಡಿ ಸೇರಿ ಸಿಲಿಕೋಸಿಸ್ ಆಗಿತ್ತು. ದೊಡ್ಡಪ್ಪ ಕಡೆಯ ವರ್ಷಗಳಲ್ಲಿ ಮಲಗಿ ನಿದ್ದೆಮಾಡಲಾರದೆ, ಎರಡು ದಿಂಬು ಗೋಡೆಗೆ ಒರಗಿಸಿಕೊಂಡು, ಮೊಣಕಾಲ ಮೇಲೆ ಮುಂಗೈ ಊರಿ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು. ಅವರನ್ನು ಹೂಳುವ ದಿನ ಬೋಧಕರೊಬ್ಬರು, ಪಂಜರ ಮುರಿಯಿತು, ಹಕ್ಕಿ ಹಾರಿಹೋಯಿತು, ಈ ಮಣ್ಣಿನ ದೇಹದ ಚಿಂತೆ ನಮಗಿನ್ನೇಕೆ ಎಂದು ಸಾಂತ್ವನ ಹೇಳಿದರು. ಮರುಕ್ಷಣವೇ ಆರಾಧನಾ ಕ್ರಮದ ಪ್ರಕಾರ ಮಣ್ಣಿಗೆ ಮಣ್ಣು, ಬೂದಿಗೆ ಬೂದಿ, ಧೂಳಿಗೆ ಧೂಳು ಎಂದು ಓದಿ, ನಿತ್ಯಜೀವಕ್ಕಾಗುವ ಪುನರುತ್ಥಾನದ ನಿಶ್ಚಯವಾದ ನಿರೀಕ್ಷೆಯಿಂದ ಈ ದೇಹವನ್ನು ಒಪ್ಪಿಸುತ್ತೇವೆ ಎಂದರು. ಒಂದೇ ಬಾಯಲ್ಲಿ ಬಂದ ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧ ಎಂಬುದು ಅಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ. ಆ ಎದೆ ದೊಡ್ಡಪ್ಪನದೇ. ಆ ಎದೆಯಿಂದಲೇ ಅವರು ದುಡಿದರು, ಮಕ್ಕಳನ್ನು ಸಾಕಿದರು, ಭಾನುವಾರ ಹಾಡಿದರು. ಅದನ್ನು ಬಿಟ್ಟು ಹೋದದ್ದೇ ಬಿಡುಗಡೆ ಎಂದರೆ, ಆ ಎದೆಗೆ ಆದದ್ದು ದೇವರ ಲೆಕ್ಕಕ್ಕೇ ಬರಲಿಲ್ಲ ಎಂದ ಹಾಗಾಯಿತು. ಶಾಸ್ತ್ರವು ಹಾಗೆ ಹೇಳುವುದಿಲ್ಲ. ಕ್ರಿಸ್ತನನ್ನು ಎಬ್ಬಿಸಿದಾತನು ನಿಮ್ಮ ಮರ್ತ್ಯ ದೇಹಗಳನ್ನೂ ಜೀವಿಸುವಂತೆ ಮಾಡುವನು ಎಂದು ಅದು ಹೇಳುತ್ತದೆ.

ಗಣಿಯಲ್ಲಿ ರಾಕ್ ಬರ್ಸ್ಟ್ ಆಗಿ, ಎಂದರೆ ಒತ್ತಡಕ್ಕೆ ಬಂಡೆ ಸಿಡಿದು, ಅದರಡಿ ಸಿಕ್ಕಿಕೊಂಡವರ, ಸುಟ್ಟುಹೋದವರ ದೇಹ ಎಲ್ಲಿಂದ ಏಳಬೇಕು ಎಂಬ ಪ್ರಶ್ನೆ ಹೊಸದಲ್ಲ. ಕ್ರಿ.ಶ. 177ರಲ್ಲಿ ಇಂದಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರನ್ನು ಕೊಂದವರು, ಇವರ ಪುನರುತ್ಥಾನದ ಆಸೆಯನ್ನೇ ಮುರಿಯಬೇಕೆಂದು ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಸುರಿದರು. ಸಭೆಯ ನಂಬಿಕೆ ಅದರಿಂದ ಕದಲಲಿಲ್ಲ. ಇಲ್ಲದಿರುವುದನ್ನು ಇರುವಂತೆ ಕರೆದ ದೇವರಿಗೆ ಬೂದಿ ಅಡ್ಡಿಯಲ್ಲ ಎಂದು ಅದು ತಿಳಿದಿತ್ತು. ದಹನಕ್ಕೆ ಕಥೋಲಿಕ ಸಭೆ 1963ರಲ್ಲಿ ಅನುಮತಿ ಕೊಟ್ಟಾಗಲೂ ದೇಹದ ಪುನರುತ್ಥಾನದ ನಂಬಿಕೆಯನ್ನು ಬಿಟ್ಟುಕೊಡಲಿಲ್ಲ.

ನಮ್ಮ ಸುತ್ತಲಿನ ಹಿಂದೂ ಬಂಧುಗಳು ಸಾವಿನ ಮನೆಯಲ್ಲಿ ಆತ್ಮಕ್ಕೆ ಅಳಿವಿಲ್ಲ ಎಂದು ಸಮಾಧಾನ ಹೇಳುವುದನ್ನು ನಾನು ಗೌರವದಿಂದ ಕೇಳಿದ್ದೇನೆ. ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಭರವಸೆಗಳಿರುವುದು ತಪ್ಪೇನಲ್ಲ, ಎಲ್ಲವೂ ಒಂದೇ ಎಂದುಬಿಟ್ಟರೆ ಯಾವುದನ್ನೂ ಸರಿಯಾಗಿ ಕೇಳಿಸಿಕೊಂಡಂತಾಗುವುದಿಲ್ಲ. ಜೀವ ಒಂದು ದೇಹವನ್ನು ಬಿಟ್ಟು ಇನ್ನೊಂದನ್ನು ಪಡೆಯುತ್ತದೆ ಎಂಬ ನಂಬಿಕೆಯಲ್ಲಿ ಮರಳಿ ಮರಳಿ ಬರುವ ಚಕ್ರವಿದೆ. ಕ್ರೈಸ್ತರ ನಂಬಿಕೆಯಲ್ಲಿ ಒಬ್ಬೊಬ್ಬರಿಗೆ ಒಂದೇ ಬದುಕು, ಒಂದೇ ಸಾವು, ಆ ಬದುಕನ್ನೇ ದೇವರು ಕೈಬಿಡದೆ ಎತ್ತಿಕೊಳ್ಳುವ ಒಂದು ದಿನ. ಅಥೇನೆಯಲ್ಲಿ ಪೌಲನ ಪ್ರಸಂಗವನ್ನು ಅಷ್ಟು ಹೊತ್ತು ಆಸಕ್ತಿಯಿಂದ ಕೇಳಿದ ಪಂಡಿತರಲ್ಲಿ ಕೆಲವರು ಗೇಲಿ ಮಾಡಿದ್ದು, ಅವನು ಸತ್ತವರ ಪುನರುತ್ಥಾನದ ಮಾತನ್ನು ಎತ್ತಿದಾಗಲೇ. ಸತ್ತ ದಿನಕ್ಕೂ ಆ ಕಡೆಯ ದಿನಕ್ಕೂ ನಡುವೆ ಸತ್ತವರ ಸ್ಥಿತಿ ಏನು ಎಂಬಲ್ಲಿ ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಭಿನ್ನಾಭಿಪ್ರಾಯವಿದೆ. ಆದರೆ ಕಡೆಯ ನಿರೀಕ್ಷೆಯ ವಿಷಯದಲ್ಲಿ ಇಲ್ಲ: ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಎಂದು ಅಪೊಸ್ತಲರ ವಿಶ್ವಾಸ ಪ್ರಮಾಣದಲ್ಲಿಯೂ, ಸತ್ತವರ ಪುನರುತ್ಥಾನವನ್ನೂ ಮುಂದಣ ಲೋಕದ ಜೀವವನ್ನೂ ಎದುರುನೋಡುತ್ತೇವೆ ಎಂದು 381ರಲ್ಲಿ ಪೂರ್ಣರೂಪ ಪಡೆದ ನೈಸೀಯ ವಿಶ್ವಾಸ ಪ್ರಮಾಣದಲ್ಲಿಯೂ ಎರಡೂ ಕಡೆಯವರು ಒಟ್ಟಾಗಿ ಹೇಳುತ್ತಾರೆ. ಆ ಮುಂದಣ ಲೋಕವೂ ಈ ಭೂಮಿಯನ್ನು ಬಿಟ್ಟು ಓಡಿಹೋಗುವ ತಾಣವಲ್ಲ. ಇಡೀ ಸೃಷ್ಟಿಯೇ ನಾಶದ ಬಂಧನದಿಂದ ಬಿಡುಗಡೆಗಾಗಿ ಪ್ರಸವವೇದನೆಯಲ್ಲಿದೆ ಎಂದು ಪೌಲನು ಹೇಳುತ್ತಾನೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಗ್ರಂಥದ ಕಡೆಯಲ್ಲಿ ಮನುಷ್ಯರು ಮೇಲಕ್ಕೆ ಹೋಗುವುದಿಲ್ಲ, ದೇವರ ಪಟ್ಟಣವೇ ಕೆಳಗೆ ಇಳಿದು ಬರುತ್ತದೆ.

ಈ ನಂಬಿಕೆ ಏನು ಮಾಡಿಸಿತು ಎಂಬುದಕ್ಕೆ ನಮ್ಮ ಬೀದಿಗಳಲ್ಲೇ ಗುರುತುಗಳಿವೆ. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯನ್ನೂ ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆಯನ್ನೂ ಮಿಷನರಿಗಳು ಕಟ್ಟಿದರು. ಆತ್ಮಗಳನ್ನು ಪರಲೋಕಕ್ಕೆ ಕಳಿಸುವುದಷ್ಟೇ ಗುರಿಯಾಗಿದ್ದರೆ ಹೆರಿಗೆ ವಾರ್ಡು, ಗಾಯದ ಪಟ್ಟಿ, ಶುಶ್ರೂಷೆಯ ತರಬೇತಿ ಇವೆಲ್ಲ ಬೇಕಾಗಿರಲಿಲ್ಲ. ಕೊರಿಂಥದವರಿಗೆ ಬರೆದ ಆ ದೀರ್ಘ ಅಧ್ಯಾಯವನ್ನು ಪೌಲನು ಮುಗಿಸುವುದು ಸ್ವರ್ಗದ ವರ್ಣನೆಯಿಂದಲ್ಲ. ನೀವು ಪಡುವ ಪ್ರಯಾಸ ಕರ್ತನಲ್ಲಿ ವ್ಯರ್ಥವಲ್ಲವೆಂದು ತಿಳಿದು ಕೆಲಸದಲ್ಲಿ ಸ್ಥಿರವಾಗಿರಿ ಎಂಬ ಮಾತಿನಿಂದ.

ಇದನ್ನೆಲ್ಲ ಇತಿಹಾಸದ ಸಾಧನಗಳಿಂದ ರುಜುವಾತು ಮಾಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಸರಳ. ಹೆದರಿ ಚದುರಿದ ಶಿಷ್ಯರು ಕೆಲವೇ ವಾರಗಳಲ್ಲಿ ಯೆರೂಸಲೇಮಿನ ಬೀದಿಗಳಲ್ಲಿ ನಿಂತು ಸಾರಿದರು, ಅದಕ್ಕಾಗಿ ಕೆಲವರು ಪ್ರಾಣ ಕೊಟ್ಟರು ಎಂಬುದು ಇತಿಹಾಸಕ್ಕೆ ಸೇರಿದ ಮಾತು. ಹೆಣವನ್ನು ಶಿಷ್ಯರೇ ಕದ್ದರು ಎಂಬ ಸುದ್ದಿ ಆಗಲೇ ಹಬ್ಬಿತ್ತೆಂದು ಮತ್ತಾಯನೂ ಮರೆಮಾಚದೆ ಬರೆದಿದ್ದಾನೆ. ಅದಕ್ಕಿಂತ ಮುಂದಿನ ಹೆಜ್ಜೆ ನಂಬಿಕೆಯದು. ಆ ಹೆಜ್ಜೆಯನ್ನು ನಾನು ಇಟ್ಟಿದ್ದೇನೆ. ಓದುಗರೆಲ್ಲರೂ ಇಡಬೇಕೆಂದು ಕೇಳುವ ಹಕ್ಕು ನನಗಿಲ್ಲ, ಕೇಳುತ್ತಲೂ ಇಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಈಸ್ಟರ್ ಸಂಚಿಕೆಗೆ ಬರೆಯುವವರು, ಕ್ರೈಸ್ತರೇ ಆಗಲಿ ಅಲ್ಲದವರೇ ಆಗಲಿ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯವನ್ನೂ ಲೂಕನ 24ನೆಯ ಅಧ್ಯಾಯವನ್ನೂ ಒಮ್ಮೆ ಓದಿಕೊಂಡು ಬರೆಯಲಿ. ಹಬ್ಬದ ದಿನ ಸಭಾಪಾಲಕರನ್ನೋ ಗುರುಗಳನ್ನೋ ಮಾತನಾಡಿಸುವ ವರದಿಗಾರರು, ಹಬ್ಬದ ಸಂದೇಶವೇನು ಎಂಬ ಮಾಮೂಲಿ ಪ್ರಶ್ನೆಯ ಜೊತೆಗೆ, ದೇಹದ ಪುನರುತ್ಥಾನ ಎಂದರೆ ತಾವು ಏನನ್ನು ನಂಬುತ್ತೀರಿ ಎಂದು ನೇರವಾಗಿ ಕೇಳಲಿ. ಆ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಳ್ಳಬೇಕಾಗಿ ಬಂದರೆ ನಮ್ಮ ಪ್ರಸಂಗಪೀಠಗಳಿಗೂ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕೋಲಾರ